ಕಾರಿನ ರೇಡಿಯೊದೊಳಗಿನ ಪಟಪಟ

ಸೊಪ್ಪಿನ ಸಾರು ಇಳಿಸಿ, ಅನ್ನ ಬಸಿದು ಮೂರು ಸಲ ಕರೆದರೂ ಆ ಶನಿವಾರ ನಮ್ಮವರು ಊಟಕ್ಕೆ ಏಳಲಿಲ್ಲ.

ಪಲ್ಲಡಂ ರಸ್ತೆಯ ನಮ್ಮ ಮನೆ ಮುಂದಿನ ಚಪ್ಪರದಲ್ಲಿ ತಿರುಪ್ಪೂರಿನ ಹತ್ತಿ ಗಿರಣಿಯ ಯಜಮಾನರೊಬ್ಬರ ಕಾರು ನಿಂತಿತ್ತು. ಅದರೊಳಗೆ ವಿಲಾಯಿತಿಯಿಂದ ತರಿಸಿದ ರೇಡಿಯೊ. ಕಾರು ಸುಮ್ಮನೆ ನಿಂತಿದ್ದರೆ ಸಂಜೆ ಮದರಾಸಿನ ಹಾಡು ಚೆನ್ನಾಗಿಯೇ ಕೇಳುತ್ತಿತ್ತಂತೆ. ಇಂಜಿನ್ ಶುರುವಾಯಿತೋ, ಬಾಣಲೆಯಲ್ಲಿ ಕಡಲೆ ಸಿಡಿದಂತೆ ಪಟಪಟ. ಹಾಡು ಅದರಲ್ಲಿ ಮುಳುಗಿಹೋಗುತ್ತಿತ್ತು. ಕೊಯಮತ್ತೂರಿನಲ್ಲಿ ಇಬ್ಬರು ರಿಪೇರಿಯವರು ಕೈಬಿಟ್ಟ ಮೇಲೆ ಅದು ನಮ್ಮವರ ಕೈಗೆ ಬಂದಿತ್ತು. ಸಂಜೆ ಯಜಮಾನರು ಬರುವವರಿದ್ದರು.

ನಮ್ಮದು ನೇಯುವ ಮನೆ. ಗುಂಡಿಯೊಳಗೆ ಕಾಲಿಳಿಸಿ ಕೂತು ನೇಯುವ ಎರಡು ಗುಂಡಿಮಗ್ಗ. ನಮ್ಮವರು ಮಗ್ಗ ಬಿಟ್ಟು ಡೈನಮೊ, ರೇಡಿಯೊ ರಿಪೇರಿ ಅಂತ ಹೊರಟು ಎಂಟು ತಿಂಗಳಾಗಿತ್ತು. ಮಾವ ಸಹಿಸಿಕೊಂಡಿದ್ದು ಅಷ್ಟೇ. ಹಿಂದಿನ ದಿನ ಖಂಡಿತವಾಗಿ ಹೇಳಿದ್ದರು: "ಈ ಕಾರು ಸರಿ ಮಾಡಿ ಕಳಿಸಿದ್ಯಾ, ಈ ರಿಪೇರಿ ವೇಲೆನೇ ನಿಂಗಿರ್ಲಿ. ಇಲ್ಲಾಂದ್ರೆ ಸೋಮವಾರ ಬೆಳಗ್ಗೆ ಗುಂಡಿಗೆ ಇಳಿ. ಮತ್ತೆ ಪೇಚ್ಚು ಬೇಡ, ಮಾತು ಬೇಡ."

"ಅನ್ನ ಆರ್ತಾ ಇದೆ," ಅಂದೆ.

"ಆರ್ಲಿ. ನೀನು ಬಂದು ಒಳಗೆ ಕೂತ್ಕೋ."

ಯಜಮಾನರ ಸೀಟಿಗೆ ಎಣ್ಣೆ ಕೈ ತಾಗದಂತೆ ಸೆರಗಿನಲ್ಲಿ ಒರೆಸಿಕೊಂಡು ಕುಳಿತೆ. ಅವರು ಇಂಜಿನ್ ಶುರು ಮಾಡಿ ಹೇಳಿದಂತೆ ಕಾಲಡಿಯ ಪೆಡಲನ್ನು ತುಳಿದೆ. ಇಂಜಿನ್ ಜೋರಾದಷ್ಟೂ ರೇಡಿಯೊದೊಳಗಿನ ಪಟಪಟವೂ ಜೋರಾಯಿತು.

ಮಗ್ಗದ ಕಡೆಯಿಂದ ಮಾವನ ದನಿ ಬಂತು: "ಏನಪ್ಪಾ, ಕಛೇರಿಯಲ್ಲಿ ಬರೀ ಮೃದಂಗ ತಾನಾ? ಹಾಡೋರು ಇನ್ನೂ ಬರ್ಲಿಲ್ವಾ?"

ನಮ್ಮವರು ಇಂಜಿನ್ ಕಡೆಗೇ ಕಿವಿ ಕೊಟ್ಟಿದ್ದರು. "ಈಗ ಇಂಜಿನ್ ಸ್ವಿಚ್ ಆರಿಸು" ಅಂದರು. ಆರಿಸಿದೆ. ಇಂಜಿನ್ ಇನ್ನೂ ಎರಡು ಸುತ್ತು ತಿರುಗುತ್ತಿರುವಾಗಲೇ ಪಟಪಟ ಥಟ್ಟನೆ ನಿಂತಿತು.

"ಡೈನಮೊ ಅಲ್ಲ. ಅದಾಗಿದ್ರೆ ಇಂಜಿನ್ ನಿಲ್ಲೋವರೆಗೂ ಕುಂಯ್ ಅಂತಿತ್ತು. ಇದು ಪ್ಲಗ್ಗಿನ ಕಿಡಿಯದ್ದೇ." ಹಣೆಯ ಬೆವರು ಒರೆಸಿಕೊಂಡರು. "ಒಂದೊಂದು ಪ್ಲಗ್ಗಿಗೂ ಗದ್ದಲದ ತಡೆ ಹಾಕಿದೀನಿ. ಡೈನಮೊಗೆ ಕಂಡೆನ್ಸರ್ ಹಾಕಿದೀನಿ. ರೇಡಿಯೊ ಪೆಟ್ಟಿಗೆಯ ತಳ ಕಾರಿನ ಮೈಗೆ ತಾಗ್ಬೇಕು ಅಂತ ಬೆಳಗ್ಗೆ ಬಣ್ಣ ಕೆರೆದೇ ಕೂರಿಸಿದೀನಿ. ಲೋಹಕ್ಕೆ ಲೋಹ ತಾಗಿದ್ರೆ ಗದ್ದಲ ಒಳಗೆ ನುಗ್ಗೋದಿಲ್ಲ. ಅಲ್ಲೇನೂ ತಪ್ಪಿಲ್ಲ. ಹಂಗಾದ್ರೆ ಸೆಟ್ಟಿನ ಒಳಗೇ ಏನೋ ಇದೆ."

ತಿರುಪುಳಿ ಕೈಗೆತ್ತಿಕೊಂಡರು. ಸೆಟ್ಟು ಬಿಚ್ಚಬಾರದು ಅಂತ ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಒಳಗಿನ ಗಾಜಿನ ವಾಲ್ವು ಒಂದು ಒಡೆದರೂ ಈ ಸೀಮೆಯಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ.

ಲೋಹಕ್ಕೆ ಲೋಹ ತಾಗಿರಲಿಲ್ಲ. ಅದು ನನಗೆ ಗೊತ್ತಿತ್ತು.

ಬೆಳಗ್ಗೆ ಪೆಟ್ಟಿಗೆ ಬಿಗಿಯುವ ಚರ್ಮದ ಪಟ್ಟಿ ತರಲು ಅವರು ಹೋದಾಗ ಮಾವ ಅಡುಗೆಮನೆ ಬಾಗಿಲಿಗೆ ಬಂದಿದ್ದರು. "ಅಮ್ಮಣಿ, ಒಂದು ಅರಿಸಿನದ ಬಟ್ಟೆ ಕೊಡು." ನಮ್ಮ ಮನೆಯಲ್ಲಿ ಹೊಸ ಮಗ್ಗ ಹೂಡುವಾಗ ಕಂಬದ ಬುಡಕ್ಕೆ ಅರಿಸಿನದಲ್ಲಿ ಅದ್ದಿದ ಬಟ್ಟೆ ಇಡುವ ವಾಡಿಕೆ, ಬರಿಯ ನೆಲದ ಮೇಲೆ ಕೂರಿಸುವುದಿಲ್ಲ. ಮಾವ ಪೆಟ್ಟಿಗೆಯನ್ನು ಎತ್ತಿ, ಅದರಡಿಯಲ್ಲಿ ಆ ಬಟ್ಟೆ ಹಾಸಿ, ಮೊದಲಿನಂತೆ ಇಟ್ಟು, ಕೈಯನ್ನು ಕಣ್ಣಿಗೊತ್ತಿಕೊಂಡಿದ್ದರು. "ಅವನಿಗೆ ಹೇಳ್ಬೇಡ" ಅಂದಿದ್ದರು. ನಾನೂ ಹೇಳಿರಲಿಲ್ಲ.

ಈಗ ಹೇಳಿದರೆ, ತನ್ನನ್ನು ಸೋಲಿಸಲಿಕ್ಕೇ ಅಪ್ಪ ಹೀಗೆ ಮಾಡಿದ್ದು ಅಂತ ಇವರು ತಿಳಿಯುತ್ತಾರೆ. ಹೇಳದಿದ್ದರೆ ಸೆಟ್ಟು ಬಿಚ್ಚುತ್ತಾರೆ. "ಒಂದು ನಿಮಿಷ ತಾಳಿ" ಅಂದವಳೇ ಮಗ್ಗದ ಹತ್ತಿರ ಓಡಿದೆ.

"ಮಾವ, ಆ ಬಟ್ಟೆ ಅಡ್ಡ ಇರೋದಕ್ಕೇ ಗದ್ದಲ ಅನ್ಸುತ್ತೆ."

ಲಾಳಿ ನಿಂತಿತು. "ನೂಲ್ ಬಟ್ಟೆ ತಾನೆ? ಅದೇನ್ ಮಾಡುತ್ತೆ?"

"ತಗಡು ತಗಡಿಗೆ ತಾಗ್ಬೇಕಂತೆ."

ಮಾವ ಮೊಣಕಾಲು ಹಿಡಿದುಕೊಂಡು ಗುಂಡಿಯಿಂದ ಮೇಲೆ ಬಂದರು. ಚಪ್ಪರಕ್ಕೆ ಹೋಗಿ, "ಆ ತಿರುಪುಳಿ ಕೆಳಗಿಡು. ಚರ್ಮದ ಪಟ್ಟಿ ಬಿಚ್ಚು" ಅಂದರು.

"ಯಾಕಪ್ಪಾ?"

"ಬಿಚ್ಚು ಅಂದೆ."

ಪೆಟ್ಟಿಗೆ ಎತ್ತಿದಾಗ ಹಳದಿ ಬಟ್ಟೆ ಕಂಡಿತು. ನಮ್ಮವರು ಅದನ್ನು ಎಳೆದು ತೆಗೆದರು. "ನಾನು ಸೋಮವಾರ ಮಗ್ಗಕ್ಕೆ ಬರ್ಲಿ ಅಂತಾನಾ?"

ಮಾವನ ಮುಖ ಕೆಂಪಾಯಿತು. "ನಿಂಗೆ ಕೆಲಸ ಕೂಡಿಬರ್ಲಿ ಅಂತ ಇಟ್ಟೆನಪ್ಪಾ. ಗೊತ್ತಿದ್ರೆ ಇಡ್ತಿದ್ನಾ? ಬೈಯೋದಿದ್ರೆ ಆಮೇಲೆ ಬೈ. ಹೊತ್ತಾಗ್ತಾ ಇದೆ."

ತಗಡಿಗೆ ಹತ್ತಿದ ಹಳದಿಯನ್ನು ನಾನು ಸೀಮೆಎಣ್ಣೆಯಲ್ಲಿ ಒರೆಸಿದೆ. ನಮ್ಮವರು ಒರಟಾದ ಉಪ್ಪುಕಾಗದದಿಂದ ಉಜ್ಜಿದರು. ಮಾವ ಪೆಟ್ಟಿಗೆ ಒತ್ತಿ ಹಿಡಿದರು. ಪಟ್ಟಿ ಬಿಗಿದಾದ ಮೇಲೆ ನಾನು ಮತ್ತೆ ಒಳಗೆ ಕುಳಿತು ತುಳಿದೆ. ಕಾರೇ ನಡುಗುವಷ್ಟು ತುಳಿದರೂ ರೇಡಿಯೊದಿಂದ ಉಸಿರಿನಂಥ ಸಣ್ಣ ಸದ್ದು ಬಿಟ್ಟು ಬೇರೇನೂ ಇಲ್ಲ.

ಆದರೂ ಧೈರ್ಯ ಬರಲಿಲ್ಲ. ರಸ್ತೆಯ ಮೇಲೆ ಓಡಿದಾಗ ಏನಾಗುತ್ತದೋ. ಯಜಮಾನರು ಬಂದವರೇ ಕಾರು ಹತ್ತಿ ಕಾಂಗೇಯಂ ಕಡೆಗೆ ಹೊರಟುಬಿಟ್ಟರು. ನಾವು ಮೂವರೂ ಜಗಲಿಯಲ್ಲಿ ಕುಳಿತೆವು. ನಮ್ಮವರು ಬೆರಳಿನ ಗ್ರೀಸು ಕೆರೆಯುತ್ತಲೇ ಇದ್ದರು.

"ಹಂಗಾದ್ರೆ ಇನ್ಮೇಲೆ ಅರಿಸಿನ ಎಲ್ಲಿ ಹಚ್ಚೋದು, ಅದನ್ನಾದ್ರೂ ಹೇಳು," ಎಂದು ಮಾವ ಬೀದಿ ನೋಡುತ್ತಲೇ ಕೇಳಿದರು.

"ಟೈರಿಗೆ ಹಚ್ಚಿ. ರಬ್ಬರು, ಯಾವ ತಗಡಿಗೂ ಅಡ್ಡ ಬರಲ್ಲ," ಅಂದರು ನಮ್ಮವರು.

ಮಾವ ನಗು ತಡೆದು ಕೆಮ್ಮಿದರು.

ಕತ್ತಲು ಕವಿಯುವ ಮುಂಚೆ ಕಾರು ತಿರುಗಿ ಬಂತು. ಇಂಜಿನ್ ನಿಲ್ಲಿಸಿರಲಿಲ್ಲ, ಒಳಗಿನಿಂದ ಪಿಟೀಲು ಕೇಳುತ್ತಿತ್ತು. ಯಜಮಾನರು ಇಳಿಯಲೂ ಇಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ತಮ್ಮನ ಕಾರನ್ನೂ ಕಳಿಸುತ್ತೇನೆ ಅಂತ ತಮಿಳಿನಲ್ಲಿ ಹೇಳಿ ಹೊರಟುಹೋದರು. ನಮ್ಮವರು ಆರಿದ ಅನ್ನವನ್ನು ಎರಡು ಸಲ ಬಡಿಸಿಕೊಂಡು ತಿಂದರು.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮಾವ ಎದ್ದರು. ಮಗ ಮಲಗಿದ್ದ ಕಡೆ ಒಮ್ಮೆ ನೋಡಿ, ಎಬ್ಬಿಸದೆ ಒಬ್ಬರೇ ಗುಂಡಿಗೆ ಇಳಿದರು. ನಾನು ದೀಪ ಹತ್ತಿರ ತಂದಿಟ್ಟು ನೂಲು ಸುತ್ತಲು ಕುಳಿತೆ.