ಪಕ್ಕದವಳ ಬಾಟಲಿ

ಟೈಲರಮ್ಮನ ಕಣ್ಣೆಂದರೆ ಕಣ್ಣು! ಟೇಪು ಹಿಡಿಯದೆಯೇ ಎದುರಿಗೆ ನಿಂತವರ ಭುಜ, ತೋಳು, ಸೊಂಟ ಅಳೆದು, ಅರ್ಧ ಇಂಚೂ ತಪ್ಪದಂತೆ ಬಟ್ಟೆ ಹೊಲಿದುಕೊಡುವ ಗಟ್ಟಿಗಿತ್ತಿ. ಹದಿನಾಲ್ಕು ವರ್ಷ ಆ ಕಣ್ಣೇ ಅವಳಿಗೆ ಅನ್ನ ಹಾಕಿತ್ತು. ಈಗ ಅದೇ ಕಣ್ಣು ಅವಳ ಪ್ರಾಣ ತಿನ್ನುತ್ತಿತ್ತು.

ಎರಡು ತಿಂಗಳು ಮುಂಚೆಯೇ ಹುಟ್ಟಿದ ಅವಳ ಮಗ ಆಸ್ಪತ್ರೆಯ ಮೂರನೇ ನಂಬರಿನ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ. ಮೂರು ಗಂಟೆಗೊಮ್ಮೆ ಆ ನಳಿಗೆಯಲ್ಲಿ ಆರು ಎಂ.ಎಲ್. ತಾಯಿಹಾಲು ಇಳಿಸಬೇಕು. ಅಷ್ಟನ್ನು ಅವಳು ಹಾಲಿನ ಕೋಣೆಯಲ್ಲಿ ಕೂತು, ಪಂಪು ಹಚ್ಚಿಕೊಂಡು ತೆಗೆದುಕೊಡಬೇಕು. ಆರು ಎಂ.ಎಲ್. ಅಂದರೆ ಏನು ಮಹಾ, ಒಂದು ಚಮಚ ಚಿಲ್ಲರೆ! ಅಷ್ಟಕ್ಕೇ ಅವಳಿಗೆ ಸಾಕುಸಾಕಾಗಿ ಹೋಗುತ್ತಿತ್ತು.

ಪಕ್ಕದ ಕುರ್ಚಿಯಲ್ಲಿ ಟೀಚರ್, ನಾಲ್ಕನೇ ಪೆಟ್ಟಿಗೆಯ ಮಗುವಿನ ತಾಯಿ. ಕಣ್ಣು ಮುಚ್ಚಿ ಹತ್ತು ನಿಮಿಷ ಕೂತಳೆಂದರೆ ಬಾಟಲಿ ಕತ್ತಿನಮಟ್ಟ ತುಂಬಿರುತ್ತಿತ್ತು. ಟೈಲರಮ್ಮನಿಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಟೀಚರ್ ಮುಗುಳ್ನಕ್ಕರೆ ‘ಜಂಬ ನೋಡು’ ಅನ್ನಿಸುತ್ತಿತ್ತು, ನಗದಿದ್ದರೆ ‘ಕೊಬ್ಬು ನೋಡು’ ಅನ್ನಿಸುತ್ತಿತ್ತು.

ಆ ಕೋಣೆ ನೋಡಿಕೊಳ್ಳುವ ನರ್ಸಿಗೆ ಎಲ್ಲರೂ ಹಾಲಿನ ಸಿಸ್ಟರ್ ಎನ್ನುತ್ತಿದ್ದರು. ಮಕ್ಕಳದಲ್ಲ, ತಾಯಂದಿರ ಆರೈಕೆಯೇ ಅವರ ಕೆಲಸ. ಬೆನ್ನಿಗೆ ದಿಂಬು ಕೊಡುವುದು, ಅತ್ತರೆ ಜೊತೆಗೆ ಕೂರುವುದು, ಫೋನಿನಲ್ಲಿ ಸೊಸೆಗೆ ಬೈಯುವ ಅತ್ತೆಯನ್ನು ಗದರಿಸಿ ಸುಮ್ಮನಾಗಿಸುವುದು, ಎಲ್ಲ. ಟೈಲರಮ್ಮನ ಕಣ್ಣು ಎಲ್ಲಿಗೆ ಓಡುತ್ತದೆಂದು ಎರಡನೇ ದಿನವೇ ಕಂಡುಹಿಡಿದು, ಪಂಪಿನ ಪ್ರತಿ ಬಾಟಲಿಗೂ ಒಂದೊಂದು ಕಾಲುಚೀಲ ತೊಡಿಸಿಬಿಟ್ಟರು.

“ನೋಡ್ತಾ ಕೂತ್ರೆ ಹಾಲೂ ನಾಚ್ಕೊಳ್ಳತ್ತೆ ಕಣಮ್ಮ. ಮಗನ ಫೋಟೋ ನೋಡಿ, ಸಾಕು.”

ಹುಟ್ಟುಗುಣ ಸುಟ್ಟರೂ ಹೋದೀತೇ? ಬಾಟಲಿ ಎತ್ತುವಾಗ ಟೀಚರ್ ಮಣಿಕಟ್ಟು ಎಷ್ಟು ಬಾಗಿತು ಎನ್ನುವುದರಲ್ಲೇ ಟೈಲರಮ್ಮ ಅಳತೆ ಹಿಡಿದಳು. ಅವಳದು ಎಂಬತ್ತು. ತನ್ನದು ಏಳು.

ಒಂದು ವಾರ ಕಳೆದ ಮೇಲೆ ಡಾಕ್ಟರು, “ಮಗು ಚೆನ್ನಾಗಿ ಅರಗಿಸ್ಕೊಳ್ತಿದೆ. ನಾಳೆಯಿಂದ ಹತ್ತು ಎಂ.ಎಲ್. ಕೊಡೋಣ. ನಿಮ್ಮ ಹಾಲು ಸಾಲದಿದ್ರೆ ಪುಡಿ ಹಾಲು,” ಎಂದರು. ಬೇರೆಯವಳಾಗಿದ್ದರೆ ಕುಣಿದಾಡುತ್ತಿದ್ದಳು. ಟೈಲರಮ್ಮ ಹತ್ತರಲ್ಲಿ ತನ್ನ ಏಳು ಕಳೆದು ನೋಡಿದಳು. ಪುಡಿ ಹಾಲು ಬಂತೆಂದರೆ ತಾನು ಯಾವ ಸೀಮೆ ತಾಯಿ? ಆ ಮಧ್ಯಾಹ್ನ ಎಷ್ಟು ಹೊತ್ತು ಕೂತರೂ ಐದು ದಾಟಲಿಲ್ಲ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಎದ್ದು ಹೋಗಿ, ತೆಗೆದ ಹಾಲು ಕೂಡಿಡುವ ಫ್ರೀಜರಿನ ಬಾಗಿಲು ತೆರೆದಳು. ಮೂರನೇ ನಂಬರಿನ ಖಾನೆ ಖಾಲಿ. ನಾಲ್ಕನೇದರಲ್ಲಿ ಕೈ ಹಾಕಲೂ ಜಾಗವಿಲ್ಲ. ಇಷ್ಟರಲ್ಲಿ ಒಂದು ಹೋದರೆ ಆ ಮಹಾರಾಣಿಗೆ ಗೊತ್ತಾದೀತೇ! ಬಾಟಲಿ ಎಳೆದುಕೊಂಡು, ಹೆಸರಿನ ಚೀಟಿಯ ಮೂಲೆಗೆ ಉಗುರು ಹಾಕಿದಳು.

ಚೀಟಿಯ ಮೇಲೆ ತಾರೀಖಿತ್ತು. ಟೀಚರ್ ಈ ಕೋಣೆಗೆ ಬಂದ ಮೊದಲ ದಿನದ್ದು. ಅದರ ಪಕ್ಕದ್ದು ಮಾರನೇ ದಿನದ್ದು. ಟೈಲರಮ್ಮನ ಕಣ್ಣು ಸಾಲಿನುದ್ದಕ್ಕೂ ಓಡಿತು. ಮೂರು ಗಂಟೆಗೊಂದು, ದಿನಕ್ಕೆ ಎಂಟರಂತೆ ಇವತ್ತಿನವರೆಗೂ ಇಟ್ಟದ್ದು ಇಟ್ಟಲ್ಲೇ ಇತ್ತು, ಒಂದೂ ಕಡಿಮೆಯಿಲ್ಲ. ಅಂದರೆ ಆ ಮಗುವಿನ ಹೊಟ್ಟೆಗೆ ಒಂದು ಹನಿಯೂ ಇಳಿದಿಲ್ಲ.

“ಕೊಡಿ ಇಲ್ಲಿ.” ಹಾಲಿನ ಸಿಸ್ಟರ್ ಯಾವಾಗ ಬಂದರೋ! ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ, ಬಾಟಲಿ ಒಳಗಿಟ್ಟರು. “ಇನ್ನೊಬ್ಬರ ಹಾಲು ಹೀಗೆ ಕೊಟ್ರೆ ಮಗೂಗೇ ಅಪಾಯ. ಅಳಬೇಡಿ, ಚೀಟಿ ಕೀಳೋಕೆ ಬಂದವರಲ್ಲಿ ನೀವೇ ಮೊದಲಲ್ಲ. ನಾಳೆಗೆ ಇನ್ನೂ ಹೊತ್ತಿದೆ, ನಾನೂ ಇದ್ದೀನಿ. ಕೂತ್ಕೊಳ್ಳಿ.”

ಅವಳು ಕೂರುವಷ್ಟರಲ್ಲಿ ಟೀಚರ್ ಒಳಗೆ ಬಂದಳು.

“ನಾಳೆಯಿಂದ ನಿಮ್ಮ ಮಗನಿಗೆ ಹತ್ತಂತೆ?”

“ಹೂಂ.”

“ಈಗ ಕೊಡೋ ಆರು ಪೂರ್ತಿ ದಕ್ಕತ್ತಾ?”

“ಪೂರ್ತಿ.”

ಟೀಚರ್ ಪಂಪು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದಳು. “ನನ್ನ ಮಗಳಿಗೆ ಕರುಳು ಸರಿಯಿಲ್ಲ. ಹಾಲು ತುಟಿಗೂ ಸೋಕಿಸೋ ಹಾಗಿಲ್ಲ, ಬರೀ ಡ್ರಿಪ್ಪೇ ಅಂತಾರೆ. ನೀವು ಆ ಚೂರು ಹಾಲು ಹಿಡ್ಕೊಂಡು ಮಗನ ಹತ್ರ ಓಡೋದು ನೋಡಿದ್ರೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ನಿಮಗೆ?”

ಟೈಲರಮ್ಮ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು.

“ಗೊತ್ತು,” ಎಂದಳು. “ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ.”