ಮಗಳ ಚಾರ್ಟಿನ ಮೇಲಿದ್ದ ಧರ್ಮಯುದ್ಧ

ಒಂಬತ್ತನೇ ಕ್ಲಾಸಿನಲ್ಲಿ ನಾನು ಧರ್ಮಯುದ್ಧಗಳ ಪರಿಣಾಮಗಳನ್ನು ಗಿಳಿಪಾಠ ಒಪ್ಪಿಸ್ತಿದ್ದೆ. ಯುರೋಪಿಗೆ ಸಕ್ಕರೆ ಬಂತು, ರೇಷ್ಮೆ ಬಂತು, ವ್ಯಾಪಾರ ಬೆಳೀತು, ರಾಜರ ಕೈ ಮೇಲಾಯ್ತು. ಬೆಂಗಳೂರಿನ ಕನ್ನಡ ಮೀಡಿಯಂ ಶಾಲೆ, ಐದು ಪಾಯಿಂಟಿಗೆ ಐದು ಮಾರ್ಕ್ಸ್. ಶಿಲುಬೆ ಗುರುತು ಹಾಕ್ಕೊಂಡು ಯುರೋಪಿನಿಂದ ಜೆರುಸಲೇಮಿಗೆ ಹೋದವರು ಯಾರನ್ನ ಕೊಂದರು ಅಂತ ಮೇಷ್ಟ್ರು ಹೇಳಲಿಲ್ಲ. ಮುಸ್ಲಿಮರ ಹುಡುಗಿ ನಾನು, ನಾನೂ ಕೇಳಲಿಲ್ಲ. ಮಾರ್ಕ್ಸ್ ಬಂತಲ್ಲ, ಅಷ್ಟು ಸಾಕಾಗಿತ್ತು.

ಅದೇ ಪಾಠ ಡಬ್ಲಿನ್ನಿನ ಕ್ಯಾಸಲ್‌ನಾಕ್‌ವರೆಗೂ ಬೆನ್ನು ಹತ್ತಿ ಬಂತು ನೋಡಿ. ಹೋದ ವರ್ಷ ನನ್ನ ಹನ್ನೆರಡು ವರ್ಷದ ಮಗಳಿಗೆ ಕ್ರುಸೇಡ್ ಬಗ್ಗೆ ಚಾರ್ಟ್ ಮಾಡೋ ಹೋಮ್‌ವರ್ಕ್. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಲ್ಲಿ. ಕ್ರುಸೇಡಿಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದಳು. ಒಲೆ ಮೇಲೆ ಸಾರು ಕುದೀತಿತ್ತು. ಅವಸರದಲ್ಲಿ ಚಾರ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಧರ್ಮಯುದ್ಧ’ ಅಂತ ಬರೆದುಕೊಟ್ಟೆ. ಹಾಗಂದ್ರೇನು ಅಂದಳು. “ನ್ಯಾಯಕ್ಕೋಸ್ಕರ ಮಾಡೋ ಯುದ್ಧ ಕಣೇ” ಅಂದೆ. ಅದನ್ನೇ ಇಂಗ್ಲಿಷಲ್ಲಿ ಕೆಳಗೆ ಬರೆದುಕೊಂಡಳು. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮಾರನೇ ದಿನ ಟೀಚರ್ ಅದನ್ನ ಕ್ಲಾಸಿಗೆಲ್ಲ ಓದಿ ಹೇಳಿದರಂತೆ. ಹಿಂದಿನ ಬೆಂಚಿನ ಗುಂಪು ಅವಳಿಗೆ, “ನಿಮ್ಮವರಿಗೆ ಹೊಡೆದದ್ದು ನ್ಯಾಯ ಅಂತ ನಿಮ್ಮಮ್ಮನೇ ಒಪ್ಪಿದಾರಲ್ಲ” ಅಂದಿತಂತೆ. ಬ್ರೇಕಿನಲ್ಲಿ ಸ್ಕೇಲನ್ನ ಕತ್ತಿ ಮಾಡ್ಕೊಂಡು ಅಂಗಳದ ತುಂಬ ಅಟ್ಟಾಡಿಸಿದವು. ಮಗಳು ಮನೆಗೆ ಬಂದು ಬ್ಯಾಗ್ ಎಸೆದು, ಇನ್ನು ಆ ಶಾಲೆಗೆ ಕಾಲಿಡಲ್ಲ ಅಂದಳು. ನನ್ನ ಮುಖ ಸಹ ನೋಡಲಿಲ್ಲ.

“ಹೋಗ್ಲಿ ಬಿಡು, ನಾವು ವರ್ಕ್ ಪರ್ಮಿಟ್ ಮೇಲೆ ಬಂದೋರು, ಯಾಕೆ ಸುಮ್ನೆ” ಅಂದರು ನಮ್ಮ ಮನೆಯವರು. ನನಗೆ ಮೈಯೆಲ್ಲ ಉರಿದುಹೋಯ್ತು. ಪರ್ಮಿಟ್ ಕೆಲಸಕ್ಕೆ ರೀ, ಬೈಸಿಕೊಳ್ಳೋಕಲ್ಲ! ಸ್ಯಾಂಟ್ರಿಯಲ್ಲಿರೋ ನನ್ನ ಆಫೀಸಿಗೆ ಅರ್ಧ ದಿನ ರಜೆ ಹೇಳಿ, ಮಗಳ ಕೈ ಹಿಡಿದು ಶಾಲೆಗೆ ಎಳಕೊಂಡೇ ಹೋದೆ.

ಟೀಚರ್ ಒಳ್ಳೇ ಹೆಂಗಸು. ನಗುನಗುತ್ತಾ, ಅದೆಲ್ಲ ಯಾವ ಕಾಲದ್ದೋ, ಇದು ಮಕ್ಕಳಾಟ, ಎಲ್ಲ ‘ಗ್ರ್ಯಾಂಡ್’, ಅಂದ್ರೆ ಏನೂ ತೊಂದರೆ ಇಲ್ಲ, ಅಂದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನೋದನ್ನ ಇವರ ಇಂಗ್ಲಿಷಿಗೆ ಹೇಗಪ್ಪಾ ತಿರುಗಿಸೋದು?

“ಯಾವ ಕಾಲದ್ದೋ ಆಗಿದ್ರೆ, ನಿನ್ನೆ ನನ್ನ ಮಗಳನ್ನ ಅಟ್ಟಿಸ್ಕೊಂಡು ಹೋದದ್ದು ಏನು?” ಅಂದೆ. “ಕ್ಲಾಸಲ್ಲಿ ನನಗೆ ಹತ್ತು ನಿಮಿಷ ಕೊಡಿ.”

ಅವರ ನಗು ನಿಂತಿತು. ಕೊಟ್ಟರು.

ಅಷ್ಟೂ ಮಕ್ಕಳ ಮುಂದೆ ಹೋಗಿ ನಿಂತೆ. “ತಪ್ಪು ನನ್ನದು” ಅಂದೆ. “ಪಾಠದಲ್ಲಿದ್ದ ಪದಾನ ತಲೆಬುಡ ಯೋಚಿಸದೆ ಹೇಳಿಕೊಟ್ಟೆ. ನಮ್ಮ ಕಡೆ ಧರ್ಮಯುದ್ಧಕ್ಕೆ ನಿಯಮ ಇದೆ, ಕೈಯಲ್ಲಿ ಆಯುಧ ಇಲ್ಲದವರನ್ನ ಮುಟ್ಟೋ ಹಾಗಿಲ್ಲ. ಜೆರುಸಲೇಮಿನಲ್ಲಿ ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸರಿ, ಆ ಕಡೆಗೇ ತಿರುಗಿದೆ.

“ಇಂಗ್ಲಿಷ್ ರಾಜನ ಕಡೆಯಿಂದ ಸಮುದ್ರ ದಾಟಿ ಬಂದು ಇಲ್ಲಿ ಗುಡ್ಡದ ಮೇಲೆ ಕೋಟೆ ಕಟ್ಟಿದವರು ಇದ್ದಾರಲ್ಲ, ಅವರೂ ಸುಮಾರು ಅದೇ ಕಾಲದವರು. ದೇವರ ಕೆಲಸ ಅಂತ ಹೇಳ್ಕೊಂಡೇ ನಿಮ್ಮ ನಾಡಿಗೆ ನುಗ್ಗಿದರು. ಅದನ್ನ ನೀವು ಏನಂತೀರಿ? ನ್ಯಾಯದ ಯುದ್ಧ ಅಂತೀರಾ?”

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮೆಲ್ಲಗೆ, “ಇನ್ವೇಷನ್” ಅಂದಳು. ದಂಡೆತ್ತಿ ಬಂದದ್ದು.

“ಹಾಂ! ಮನೆಗೊಂದು ನ್ಯಾಯ, ನೆರೆಗೊಂದು ನ್ಯಾಯ ಬೇಡ” ಅಂದೆ.

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಮಗಳು ಎದ್ದು, ಗೋಡೆಯಲ್ಲಿದ್ದ ತನ್ನ ಚಾರ್ಟಿನ ಹತ್ತಿರ ಹೋದಳು. ಕೈಯಲ್ಲಿ ಕಪ್ಪು ಮಾರ್ಕರ್. ಮೊದಲು ಇಂಗ್ಲಿಷ್ ಸಾಲನ್ನ ಹೊಡೆದುಹಾಕಿದಳು. ಆಮೇಲೆ ಕನ್ನಡ ಪದದ ಮುಂದೆ ತಡೆದು ನಿಂತಳು. ಪಾಪ, ಓದೋಕೆ ಬರಲ್ಲ ಅವಳಿಗೆ.

“ಅಮ್ಮಿ,” ಕ್ಲಾಸಿಗೆಲ್ಲ ಕೇಳೋ ಹಾಗೆ ಕನ್ನಡದಲ್ಲೇ ಕೇಳಿದಳು, “ಇದ್ರಲ್ಲಿ ನ್ಯಾಯ ಅನ್ನೋದು ಎಲ್ಲಿದೆ?”

ಮೊದಲ ಎರಡು ಅಕ್ಷರ ಬೆರಳಿಟ್ಟು ತೋರಿಸಿದೆ. ಅವನ್ನ ಕಾಣದ ಹಾಗೆ ಮಸಿ ಮಾಡಿದಳು. ‘ಯುದ್ಧ’ ಅನ್ನೋದನ್ನ ಹಾಗೇ ಬಿಟ್ಟು, ಬಂದು ತನ್ನ ಜಾಗದಲ್ಲಿ ಕೂತಳು.