ರೆಪ್ಪೆಯ ಮೇಲಿನ ಧೂಳು

ಭಾಲ್ಕಿಯ ಶಾಲುಬಾಯಿ ಪುಕ್ಕಟೆ ಎಂಬ ಮಾತನ್ನು ನಂಬುವವಳಲ್ಲ. ಹದಿನಾಲ್ಕು ವರ್ಷ ಔರಾದದ ಒಂದು ವಸತಿ ಶಾಲೆಯಲ್ಲಿ ಕಸ ಗುಡಿಸಿದವಳು. ಈಗ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ನಿವೃತ್ತ ಡ್ರಿಲ್ ಮಾಸ್ತರು ಶಿವರಾಜಪ್ಪ ಬೇಸಿಗೆ ರಜೆಯಲ್ಲಿ ಓಣಿಗೆ ಬಂದು, "ಮಕ್ಕಳು ಮೊಬೈಲ್ ಹಿಡ್ಕೊಂಡು ಕೂಡಬಾರ್ದು, ಮೈ ಬಗ್ಗಬೇಕು. ದಿನಾ ಮುಂಜಾನಿ ಆಟ ಕಲಿಸ್ತೇನಿ, ಪುಕ್ಕಟೆ" ಎಂದಾಗ ಹುಬ್ಬು ಗಂಟಿಕ್ಕಿದಳು. ಆದರೂ ಮಗ ಮಾಣಿಕನನ್ನೂ ಮಗಳು ಪೂನಮಳನ್ನೂ ಕಳಿಸಿದಳು. ಖೊಖೊ ಎಂದರೆ ಪೂನಮಳಿಗೆ ಜೀವ.

ನಾಲ್ಕನೇ ದಿನ ಮಗಳ ತಲೆ ಬಾಚುವಾಗ ಶಾಲುಬಾಯಿಯ ಕೈ ನಿಂತಿತು. ಧೂಳು ರೆಪ್ಪೆಯ ಮೇಲಿತ್ತು, ಮೂಗಿನೊಳಗಿತ್ತು, ಕಾಲಿಗೆ ಹತ್ತಿರಲಿಲ್ಲ. ಮಾಣಿಕನ ಕಾಲು ಮೊಣಕಾಲಿನವರೆಗೆ ಧೂಳು ಹತ್ತಿ ಕೆಂಪಾಗಿತ್ತು. ಓಡಿದ ಧೂಳು ಕಾಲಿಗೆ ಹತ್ತುತ್ತದೆ, ಗುಡಿಸಿದ ಧೂಳು ಮುಖಕ್ಕೆ.

"ಖೊಖೊ ಆಡಿದೇನ ಇವತ್ತ?"

"ಹ್ಞೂಂ."

"ಭುಜ ಯಾಕ ತಿಕ್ಕೊಳ್ಳಲತ್ತಿ?"

"ಸುಮ್ನ, ಅವ್ವಾ."

ಮರುದಿನ ಶಾಲುಬಾಯಿ ಜೋಳದ ಹಿಟ್ಟು ಮುಚ್ಚಿಟ್ಟು ಮಕ್ಕಳ ಹಿಂದೆಯೇ ಹೋಗಿ ಬಯಲಿನ ಬೇವಿನ ಮರದ ಮರೆಗೆ ನಿಂತಳು. ಹುಡುಗಿಯರು ಬಯಲು ಗುಡಿಸಿದರು, ನೀರು ಚಿಮುಕಿಸಿದರು, ಸುಣ್ಣದ ಗೆರೆ ಎಳೆದರು. ಅಷ್ಟಾದ ಮೇಲೆ ಹುಡುಗರು ಬಯಲಿಗಿಳಿದು ಆಟ ಶುರು ಮಾಡಿದರು. ಹುಡುಗಿಯರು ಅಂಚಿಗೆ ಕೂತು ನೋಡಿದರು.

"ಮಾಸ್ತರ, ಹುಡುಗ್ಯಾರ ಪಾಳಿ ಯಾವಾಗ್ರಿ?" ಶಾಲುಬಾಯಿ ಮರದ ಮರೆಯಿಂದ ಹೊರಬಂದು ಕೇಳಿದಳು.

ಶಿವರಾಜಪ್ಪ ಬೆಚ್ಚಿದರು. "ಅದೂ ವ್ಯಾಯಾಮನೇ ಅಲ್ಲೇನ್ ಶಾಲುಬಾಯಿ? ಸೊಂಟ ಬಗ್ತದ, ಕೈ ಆಡ್ತಾವ."

"ಹಂಗಿದ್ರ ನಾ ಇಷ್ಟೊತ್ತಿಗಿ ಪೈಲ್ವಾನ್ ಆಗಬೇಕಾಗಿತ್ತಲ್ರಿ!"

ಹುಡುಗಿಯರು ಕಿಸಕ್ಕೆಂದರು. ಮಾಸ್ತರು ಬಿಡಲಿಲ್ಲ. "ನಿಮ್ಮ ಮನ್ಯಾಗ ಕಸ ಯಾರ ಹೊಡೀತಾರ? ಮಾಣಿಕನೇನ?"

ಶಾಲುಬಾಯಿ ಮಗಳತ್ತ ನೋಡಿದಳು. ಅವತ್ತು ಬೆಳಿಗ್ಗೆಯೂ ಅಂಗಳ ಗುಡಿಸಿ ಬಂದವಳು ಪೂನಮಳೇ. ಮಾಣಿಕನನ್ನು ಚಹಾ ಕೊಟ್ಟು ಎಬ್ಬಿಸಿದವಳು ತಾನೇ.

"ನಾಳಿಂದ ಅವನೂ ಹೊಡೀತಾನ," ಎಂದಳು. "ಇಲ್ಲೂ ಎಲ್ಲಾರೂ ಹೊಡೀಲಿ. ಈಗ ಹುಡುಗ್ಯಾರನ್ನ ಆಟಕ್ಕ ಕರೀರಿ."

"ಆಯ್ತವಾ, ಆಡಸ್ತೇನಿ. ನೀ ಮನಿಗಿ ನಡಿ, ರೊಟ್ಟಿ ಕೆಲಸ ಇರ್ತದ ನಿಂದು."

ಮಾಸ್ತರು ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಹಿಡಿಸಲಿಲ್ಲ. ಬೇವಿನ ಬೇರಿನ ಮೇಲೆ ಗಟ್ಟಿಯಾಗಿ ಕೂತಳು. ಮಾಸ್ತರು ಹುಡುಗಿಯರನ್ನು ಆಟಕ್ಕೆ ಕರೆದರು. ಪೂನಮ ಎರಡು ಸಲ ಎಡವಿ, ಮೂರನೇ ಸಲ ತನಗಿಂತ ಗೇಣುದ್ದ ಎತ್ತರದ ಹುಡುಗನನ್ನು ಮುಟ್ಟಿ ಔಟ್ ಮಾಡಿದಳು. ಬಯಲೆಲ್ಲ ಕೂಗಿತು. ಶಾಲುಬಾಯಿ ಮಾತ್ರ ಮಾಸ್ತರ ಮೇಲಿನ ಕಣ್ಣು ತೆಗೆಯಲಿಲ್ಲ.